ಆರು ವರ್ಷ ದುಡ್ಡು ಕಳಿಸಿದ್ದೇನೆ, ಲೆಕ್ಕ ಕೇಳಬಾರದಾ?

ಪ್ರಶ್ನೆ: ನನ್ನದು ಕೊಪ್ಪಳ ಜಿಲ್ಲೆಯ ಹಳ್ಳಿ. ಆರು ವರ್ಷದಿಂದ ಬೆಂಗಳೂರಿನ ಪೀಣ್ಯದಲ್ಲಿ ಗಾರ್ಮೆಂಟ್ಸ್ ಕೆಲಸ. ಪ್ರತಿ ತಿಂಗಳು 6,000 ರೂಪಾಯಿ ಅಣ್ಣನ ಫೋನ್‌ಪೇಗೆ ಹಾಕುತ್ತೇನೆ. ಅದರಲ್ಲೇ ಮನೆಗೆ ಆರ್‌ಸಿಸಿ ಆಯಿತು. ಈಗ ನನ್ನ ಮದುವೆ ಮಾತು ಬಂದರೆ ಅಣ್ಣ, ‘ನಿನಗೋಸ್ಕರ ಸಾಲ ಮಾಡಬೇಕು’ ಅನ್ನುತ್ತಾನೆ. ಲೆಕ್ಕ ಕೇಳಿದರೆ ಅವ್ವ ಅಳುತ್ತಾಳೆ. ಕೇಳಿದ್ದು ತಪ್ಪಾ?
– ಹೆಸರು ಬೇಡ

ಉತ್ತರ: ಖಂಡಿತ ತಪ್ಪಲ್ಲ. ನೀವೇ ಕೂಡಿಸಿ ನೋಡಿ. ಆರು ವರ್ಷಕ್ಕೆ 4,32,000 ರೂಪಾಯಿ! ಇಷ್ಟನ್ನೇ ಅಣ್ಣ ಕಳಿಸಿದ್ದರೆ ಊರವರು ‘ಮಗ ಮನೆ ಕಟ್ಟಿಸಿದ’ ಅಂತಿದ್ದರು. ಮಗಳು ಕಳಿಸಿದರೆ ‘ಪಾಪ, ಮನೆಗೆ ಆಸರೆಯಾದಳು’ ಅಂತಾರೆ, ಅಷ್ಟೇ. ಓವರ್‌ಟೈಮ್ ಮಾಡಿ, ಬಾಡಿಗೆ ರೂಮಲ್ಲಿ ನಾಲ್ಕು ಜನ ಮಲಗಿ ಉಳಿಸಿದ ದುಡ್ಡು ಅದು. ಅದನ್ನು ಸುಮ್ನೆ ‘ಸಹಾಯ’ ಅಂತ ಕರೆಯುವುದು ನನಗೆ ಸರಿ ಕಾಣುವುದಿಲ್ಲ.

ಅವ್ವನ ಮೇಲೆ ಬೇಜಾರು ಬೇಡ. ಆಕೆ ಮುಂದೆಯೂ ಮಗನ ಜೊತೆಗೇ ಬಾಳಬೇಕು, ಅಲ್ವಾ? ಫೋನಲ್ಲಿ ಈ ಮಾತು ಎತ್ತಬೇಡಿ. ಎರಡು ದಿನ ರಜೆ ಹಾಕಿ ಊರಿಗೆ ಹೋಗಿ. ಶಕ್ತಿ ಯೋಜನೆ ಇರುವುದರಿಂದ ಬಸ್ಸಿನ ಖರ್ಚಿಲ್ಲ. ಬ್ಯಾಂಕಿನ ಸ್ಟೇಟ್‌ಮೆಂಟ್ ಪ್ರಿಂಟ್ ಮಾಡಿಸಿಕೊಂಡು, ಮೊದಲು ಅವ್ವನ ಪಕ್ಕ ಕೂತು ಒಂದೊಂದು ಸಾಲು ಓದಿ ಹೇಳಿ. ಆಮೇಲೆ ಅಣ್ಣನಿಗೆ ತೋರಿಸಿ.

ಇನ್ನು ಮುಂದೆ ದುಡ್ಡು ಅವ್ವನ ಖಾತೆಗೆ ಹೋಗಲಿ. ಗೃಹಲಕ್ಷ್ಮಿಯ 2,000 ಬರುವ ಖಾತೆ ಇದ್ದರೆ ಅದೇ ಸಾಕು. ಮನೆಗೆ 4,000 ಕಳಿಸಿ, ಉಳಿದ 2,000ಕ್ಕೆ ಅಂಚೆ ಕಚೇರಿಯಲ್ಲಿ ನಿಮ್ಮ ಹೆಸರಿನಲ್ಲೇ ಆರ್‌ಡಿ ಮಾಡಿ.

ಮದುವೆ ಖರ್ಚಿಗೆ ಅಂತ ಪಿಎಫ್ ಪೂರ್ತಿ ತೆಗೆಯಬೇಡಿ. ಪಿಎಫ್ ತೆಗೆಯುವ ನಿಯಮ ಬಿಗಿ ಮಾಡಿದ್ದಕ್ಕೆ 2016ರ ಏಪ್ರಿಲ್‌ನಲ್ಲಿ ನಿಮ್ಮಂಥ ಸಾವಿರಾರು ಹೆಣ್ಣುಮಕ್ಕಳು ಬೆಂಗಳೂರಿನ ರಸ್ತೆಗಿಳಿದರು. ಕೇಂದ್ರ ಸರ್ಕಾರ ಆ ನಿಯಮವನ್ನೇ ವಾಪಸ್ ಪಡೆಯಿತು. ಅಷ್ಟು ಕಷ್ಟಪಟ್ಟು ಉಳಿಸಿಕೊಂಡ ದುಡ್ಡು ಅದು.

ಇನ್ನೊಂದು ಮಾತು, ನೀವು ಕೇಳದಿದ್ದರೂ ಹೇಳುತ್ತೇನೆ. ನಿಮ್ಮದು ಹಿಂದೂ ಕುಟುಂಬವಾಗಿದ್ದು ಹೊಲ ಪಿತ್ರಾರ್ಜಿತವಾಗಿದ್ದರೆ, ಹಿಂದೂ ಉತ್ತರಾಧಿಕಾರ ಕಾಯ್ದೆಯ 2005ರ ತಿದ್ದುಪಡಿ ಪ್ರಕಾರ ಅದರಲ್ಲಿ ನಿಮಗೂ ಅಣ್ಣನಷ್ಟೇ ಪಾಲಿದೆ. ಇದು ಹುಟ್ಟಿನಿಂದ ಬರುವ ಹಕ್ಕು ಅಂತ 2020ರಲ್ಲಿ ಸುಪ್ರೀಂ ಕೋರ್ಟ್ ಹೇಳಿದೆ. ಮದುವೆಯಾದರೂ ಹೋಗುವುದಿಲ್ಲ. ಮದುವೆ ಗಡಿಬಿಡಿಯಲ್ಲಿ ಯಾರಾದರೂ ಕಾಗದ ತಂದು ‘ಇಲ್ಲೊಂದು ಸಹಿ ಹಾಕವ್ವ’ ಅಂದರೆ, ಪೂರ್ತಿ ಓದಿಸಿ ಕೇಳುವ ತನಕ ಪೆನ್ನು ಮುಟ್ಟಬೇಡಿ.