ಹಳೇ ಕೋಡ್ ತಿದ್ದಲು ಕಲಿಸಿ

ಶಿರಸಿಯ ಓದುಗರೊಬ್ಬರ ಪತ್ರ: "ಮಗಳು ಕಾರವಾರದ ಕಡೆಯ ಕಾಲೇಜಿನಲ್ಲಿ ಕಂಪ್ಯೂಟರ್ ಸೈನ್ಸ್ ಕೊನೇ ವರ್ಷ ಓದುತ್ತಿದ್ದಾಳೆ. ಮಾರ್ಕ್ಸ್ ಚೆನ್ನಾಗಿದೆ. ಆದರೆ ಇಂಟರ್‌ವ್ಯೂನಲ್ಲಿ ಗಿಟ್, ಟೆಸ್ಟಿಂಗ್ ಬಗ್ಗೆ ಕೇಳಿದಾಗ ತಡವರಿಸಿದಳಂತೆ. ಈಗ ಬೆಂಗಳೂರಿನಲ್ಲಿ ದುಡ್ಡು ಕೊಟ್ಟು ಕೋರ್ಸ್ ಮಾಡಬೇಕು ಅನ್ನುತ್ತಿದ್ದಾಳೆ. ಕಂಪನಿಗೆ ಬೇಕಾದ್ದನ್ನೇ ಕಾಲೇಜಿನಲ್ಲಿ ಕಲಿಸಲು ಏನು ಕಷ್ಟ?"

ಸಂಪಾದಕರ ಉತ್ತರ:

ನಿಮ್ಮ ಸಿಟ್ಟು ನ್ಯಾಯವಾದದ್ದೇ. ಆದರೆ ಸಿಲೆಬಸ್ಸನ್ನೇ ಪೂರ್ತಿ ಬೈಯಬೇಡಿ. ವಿಟಿಯು, ಅಂದರೆ ವಿಶ್ವೇಶ್ವರಯ್ಯ ತಾಂತ್ರಿಕ ವಿಶ್ವವಿದ್ಯಾಲಯದ 2022ರ ಸ್ಕೀಮಿನಲ್ಲಿ ಮೂರನೇ ಸೆಮಿಸ್ಟರಿನ ಆಯ್ಕೆಯ ವಿಷಯಗಳಲ್ಲೇ ಗಿಟ್ ಅನ್ನುವ ಟೂಲನ್ನು ಕಲಿಸುವ ಲ್ಯಾಬ್ ಇದೆ. ನಾಲ್ಕು ಜನ ಒಂದೇ ಕೋಡಿಗೆ ಕೈ ಹಾಕಿದಾಗ ಒಬ್ಬರ ಕೆಲಸ ಇನ್ನೊಬ್ಬರಿಂದ ಅಳಿಸಿಹೋಗಬಾರದು, ಯಾರು ಯಾವಾಗ ಏನು ಬದಲಿಸಿದರು ಅಂತ ಗೊತ್ತಾಗಬೇಕು. ಗಿಟ್ ಇರುವುದೇ ಅದಕ್ಕೆ. ಒಬ್ಬಳೇ ಕೂತು, ಕಮಾಂಡುಗಳನ್ನು ಲ್ಯಾಬ್ ರೆಕಾರ್ಡ್ ಪುಸ್ತಕಕ್ಕೆ ಇಳಿಸಿ, ವೈವಾಕ್ಕೆ (ಮೌಖಿಕ ಪರೀಕ್ಷೆಗೆ) ಬಾಯಿಪಾಠ ಮಾಡಿದರೆ ಏನು ಬಂತು?

ಇನ್ನು ಕಂಪನಿಗೆ ಬೇಕಾದ್ದು ವರ್ಷ ವರ್ಷ ಬದಲಾಗುತ್ತದೆ. ಒಂದು ಕಾಲದಲ್ಲಿ ವೆಬ್‌ಸೈಟುಗಳಿಗೆ ಆನಿಮೇಷನ್ ಮಾಡುವ ಫ್ಲ್ಯಾಶ್ ಗೊತ್ತಿದ್ದವರಿಗೆ ಎಷ್ಟು ಬೇಡಿಕೆ ಇತ್ತು! 2020ರ ಕೊನೆಗೆ ಅಡೋಬಿ ಕಂಪನಿಯೇ ಅದನ್ನು ಕೈಬಿಟ್ಟಿತು. ಇನ್ಫೋಸಿಸ್‌ನಂಥವರು ಹೊಸಬರನ್ನು ಮೈಸೂರಿಗೆ ಕರೆಸಿ ತಿಂಗಳುಗಟ್ಟಲೆ ತಾವೇ ತರಬೇತಿ ಕೊಡುತ್ತಾರೆ. ಟೂಲುಗಳನ್ನು ಅಲ್ಲಿ ಕಲಿಯಬಹುದು. ಕಾಲೇಜಿನಲ್ಲಿ ಆಗಬೇಕಾದ್ದು ಬೇರೆಯವರು ಬರೆದ ಕೋಡನ್ನು ಓದಿ, ಕೆಡಿಸದೆ ತಿದ್ದುವ ಅಭ್ಯಾಸ. ಕೆಲಸಕ್ಕೆ ಸೇರಿದವರಿಗೆ ಖಾಲಿ ಫೈಲ್ ಸಿಗುವುದು ಅಪರೂಪ. ಸಿಗುವುದು ಯಾರೋ ಬರೆದು ಬಿಟ್ಟುಹೋದ ಕೋಡ್, ಮತ್ತು ಸೋಮವಾರದೊಳಗೆ ಸರಿಮಾಡಬೇಕಾದ ಒಂದು ತಪ್ಪು.

ನಿಮ್ಮೂರಿನ ಅಡಿಕೆ ಟೆಂಡರನ್ನೇ ತಗೊಳ್ಳಿ. ಹುಡುಗರು ಅದಕ್ಕೊಂದು ಸಾಫ್ಟ್‌ವೇರ್ ಬರೆಯುತ್ತಾರೆ ಅಂತಿಟ್ಟುಕೊಳ್ಳಿ. ರಾಶಿ, ಚಾಲಿ, ಬೆಟ್ಟೆ, ಕೆಂಪುಗೋಟು ಅಂತ ಅಡಿಕೆಯ ಬಗೆಗಳ ಪಟ್ಟಿ ಹಾಕಿ, ಹೆಚ್ಚಿನ ದರ ಯಾರದ್ದು ಅಂತ ಹುಡುಕುವುದು ಒಂದು ಸಂಜೆಯ ಕೆಲಸ. ಇಬ್ಬರು ವ್ಯಾಪಾರಿಗಳು ಒಂದೇ ದರ ಬರೆದರೆ? ಬೆಳೆಗಾರರು "ಈ ದರಕ್ಕೆ ಕೊಡೋದಿಲ್ಲ" ಅಂದರೆ? ದರ ಕ್ವಿಂಟಲಿಗೆ, ಮಾಲು 42.6 ಕೆಜಿ. ಚೀಲದ ತೂಕ ಎಷ್ಟು ಕಳೆಯಬೇಕು, ಪೈಸೆ ಎಲ್ಲಿ ಬಿಡಬೇಕು? ಇದೆಲ್ಲ ಪುಸ್ತಕದಲ್ಲಿಲ್ಲ, ವಖಾರಿಯ ಗುಮಾಸ್ತರ ತಲೆಯಲ್ಲಿದೆ. ಹೋಗಿ ಕೇಳಬೇಕು. ಹೀಗೆ ಕೇಳಿದ ಒಂದೊಂದು ಪ್ರಶ್ನೆಯೂ ಒಂದೊಂದು ಟೆಸ್ಟ್ ಕೇಸ್, ಅಂದರೆ ಕೋಡ್ ಸರಿಯಾಗಿ ನಡೆಯುತ್ತದೆಯೇ ಅಂತ ನೋಡುವ ಪರೀಕ್ಷೆ.

ಆಮೇಲೆ ಸರ್ಕಾರ ನಿಯಮ ಬದಲಿಸುತ್ತದೆ. 2017ರ ಜುಲೈ 1ಕ್ಕೆ ಜಿಎಸ್‌ಟಿ ಬಂತಲ್ಲ, ಹಾಗೆ. ತೆರಿಗೆಯ ಲೆಕ್ಕ ಕೋಡಿನ ಒಂದೇ ಜಾಗದಲ್ಲಿದ್ದರೆ ತಿದ್ದುವುದು ಸಲೀಸು. ಬಿಲ್ಲು, ರಸೀದಿ, ರಿಪೋರ್ಟು ಅಂತ ಇಪ್ಪತ್ತು ಕಡೆ ಹರಡಿದ್ದರೆ ಹತ್ತೊಂಬತ್ತು ತಿದ್ದಿ ಒಂದು ಮರೆಯುತ್ತೇವೆ. ಒಮ್ಮೆ ಹಾಗೆ ಹುಡುಕಾಡಿ ಸುಸ್ತಾದವರಿಗೆ ಒಳ್ಳೇ ಡಿಸೈನ್ ಯಾಕೆ ಬೇಕು ಅಂತ ಪಾಠ ಹೇಳಬೇಕಾಗಿಲ್ಲ.

ಈಗಿನ ಕೊನೇ ವರ್ಷದ ಪ್ರಾಜೆಕ್ಟುಗಳಿಂದ ಇದು ಆಗುವುದಿಲ್ಲ. ಮುಖ ಗುರುತಿಸಿ ಹಾಜರಿ ಹಾಕುವ ಪ್ರಾಜೆಕ್ಟ್ ಎಷ್ಟು ಸಲ ಬಂದಿರಬಹುದೋ! ಕೆಲವರು ರೆಡಿಮೇಡ್ ಕೊಂಡೇ ತರುತ್ತಾರೆ. ಡೆಮೋ ಮುಗಿದ ಮೇಲೆ ರಿಪೋರ್ಟು ಬೈಂಡಾಗಿ ಬೀರು ಸೇರುತ್ತದೆ. ಹೊಸ ಬ್ಯಾಚಿಗೆ ಹಳೇ ಬ್ಯಾಚಿನ ಪ್ರಾಜೆಕ್ಟನ್ನೇ ಕೊಟ್ಟು ಮುಂದುವರಿಸಲು ಹೇಳಿ ಅನ್ನುವುದು ನನ್ನ ವಾದ. ಜೂನಿಯರ್‌ಗಳು ಓದುತ್ತಾರೆ ಅಂತ ಗೊತ್ತಿದ್ದರೆ ಸೀನಿಯರ್‌ಗಳೂ ಸ್ವಲ್ಪ ನೆಟ್ಟಗೆ ಬರೆಯುತ್ತಾರೆ. ಯಾರ ಕೆಲಸ ಎಷ್ಟು ಅಂತ ಮಾರ್ಕ್ಸ್ ಹಾಕುವುದು ಹೇಗೆ ಅಂತ ಮೇಷ್ಟ್ರುಗಳು ಕೇಳಬಹುದು. ಗಿಟ್‌ನಲ್ಲಿ ಪ್ರತಿ ಬದಲಾವಣೆಯ ಜೊತೆ ಹೆಸರು, ತಾರೀಕು ಇರುತ್ತದೆ, ಅಲ್ವಾ? ಆದರೂ ಅದನ್ನು ಕೂತು ನೋಡಲು ಹೊತ್ತು ಬೇಕು, ನಿಜ. ರಾಶಿಗಟ್ಟಲೆ ಲ್ಯಾಬ್ ರೆಕಾರ್ಡ್ ತಿದ್ದುವ ಕೆಲಸ ಕಡಿಮೆಯಾದರೆ ಅದು ಸಿಕ್ಕೀತು.

ಮಗಳ ವಿಷಯಕ್ಕೆ ಬಂದರೆ, ಫೀಸು ಈಗಲೇ ಕಟ್ಟಬೇಡಿ. ಗಿಟ್ ಪುಕ್ಕಟೆ ಸಿಗುತ್ತದೆ. ಸೀನಿಯರ್ ಒಬ್ಬರಿಂದ ಪ್ರಾಜೆಕ್ಟಿನ ಕೋಡ್ ಕೇಳಿ ತರಲಿ. ಗೆಳತಿಯ ಜೊತೆ ಕೂತು ಎರಡು ಮೂರು ತಪ್ಪು ಹುಡುಕಲಿ. ಮೊದಲು ಆ ತಪ್ಪು ಹಿಡಿಯುವ ಟೆಸ್ಟ್ ಬರೆದು, ಆಮೇಲೆ ತಿದ್ದಲಿ. ಮುಂದಿನ ಇಂಟರ್‌ವ್ಯೂನಲ್ಲಿ ಅದನ್ನೇ ತೆರೆದು ತೋರಿಸಲಿ. ಅದಾದ ಮೇಲೂ ಕೋರ್ಸ್ ಬೇಕು ಅನಿಸಿದರೆ ನೋಡೋಣ.