ಹಾಲಿನ ಲೆಕ್ಕದ ಪುಸ್ತಕದ ಹಿಂದಿನ ಪುಟಗಳು

ಪತ್ರ: ಸಂಪಾದಕರೇ, ನನ್ನ ಮಗ ಒಂಬತ್ತನೇ ಕ್ಲಾಸು, ಮಗಳು ಐದನೇ ಕ್ಲಾಸು. ಹಾಲಿನ ಲೆಕ್ಕದ ಪುಸ್ತಕದ ಹಿಂದಿನ ಪುಟಗಳಲ್ಲಿ ಮಕ್ಕಳು ಆಡಿದ ಮಾತು, ಮಾಡಿದ ಚೇಷ್ಟೆ ಬರೆದಿಡುವುದು ನನಗೆ ಏಳೆಂಟು ವರ್ಷದ ಅಭ್ಯಾಸ. ಮೊನ್ನೆ ಯಜಮಾನರ ಕೈಗೆ ಸಿಕ್ಕಿತು. 'ಮೊಬೈಲಲ್ಲಿ ಹನ್ನೊಂದು ಸಾವಿರ ಫೋಟೋ ಇದೆ, ಇದೆಲ್ಲ ಯಾಕೆ' ಎಂದು ನಕ್ಕರು. ಅತ್ತೆ 'ಹಾಗೆಲ್ಲ ಬರೆದಿಡಬಾರದು, ದೃಷ್ಟಿಯಾಗುತ್ತೆ' ಎಂದರು. ಈ ವರ್ಷ ಮಗನ ಯೂನಿಫಾರಂ ಪ್ಯಾಂಟಿನ ಅಂಚನ್ನು ಎರಡನೇ ಸಲ ಬಿಚ್ಚಿ ಇಳಿಸಿದೆ. ಹಳೇ ಮಡಿಕೆಯ ಗೆರೆ ಇಸ್ತ್ರಿ ಮಾಡಿದರೂ ಹೋಗಲಿಲ್ಲ. ಅದನ್ನು ನೋಡಿ ಅಳು ಬಂತು. ಮಕ್ಕಳನ್ನು ಕೊನೆಯ ಸಲ ಎತ್ತಿಕೊಂಡದ್ದು ಯಾವತ್ತು ಅಂತ ಯಾವ ತಾಯಿಗೂ ಗೊತ್ತಿರಲ್ಲವಂತೆ. ಎರಡು ಪುಟದ ಜೆರಾಕ್ಸ್ ಇಟ್ಟಿದ್ದೇನೆ. ನನ್ನದು ಹುಚ್ಚಾ? (ಹೆಸರು ಬೇಡ, ತಿಪಟೂರು)

ಉತ್ತರ: ಹುಚ್ಚೇ ಅಂತ ಇಟ್ಟುಕೊಳ್ಳಿ. ಈ ಹುಚ್ಚಿಗೆ ನಮ್ಮ ಕಚೇರಿಯಲ್ಲಿ ಮರ್ಯಾದೆ ಜಾಸ್ತಿ. ಈ ತಿಂಗಳ ಟಪಾಲಿನಲ್ಲಿ ರಾಜಕೀಯ ಇತ್ತು, ಚಂದಾ ಕಟ್ಟಿದರೂ ಸಂಚಿಕೆ ಬಂದಿಲ್ಲ ಅನ್ನುವ ಬೈಗುಳ ಇತ್ತು. ಎಲ್ಲವನ್ನೂ ಪಕ್ಕಕ್ಕಿಟ್ಟು ನಿಮ್ಮದನ್ನು ಎತ್ತಿಕೊಂಡಿದ್ದೇನೆ. ಬೈದವರು ಇನ್ನೊಂದು ತಿಂಗಳು ಕಾಯಲಿ.

ಮೊದಲು ಒಂದು ಸಣ್ಣ ಜಗಳ ಮುಗಿಸಿಬಿಡೋಣ. 'ಕೊನೆಯ ಸಲ ಎತ್ತಿಕೊಂಡದ್ದು' ಅನ್ನುವ ಸಾಲು ನಿಮ್ಮದಲ್ಲ. 'ಗೊತ್ತಿರಲ್ಲವಂತೆ' ಅಂತ ಬರೆದಿದ್ದೀರಿ, ಆ 'ಅಂತೆ'ಯಲ್ಲೇ ಸಿಕ್ಕಿಬಿದ್ದಿರಿ. ಅದು ವಾಟ್ಸಾಪ್‌ನಲ್ಲಿ ಸೂರ್ಯಾಸ್ತದ ಚಿತ್ರದ ಮೇಲೆ, ಪಿಟೀಲಿನ ಜೊತೆ ಬರುವ ಸಾಲು. ನನಗೂ ಬಂದಿದೆ. ನನ್ನ ತಂಗಿ ಕಳಿಸಿದ್ದಳು, ಅವಳ ಮಗನಿಗೆ ಮೂವತ್ತೆರಡು. ಅದನ್ನು ಓದಿ ಯಾರು ಬೇಕಾದರೂ ಅಳಬಹುದು. ಆದರೆ ಪ್ಯಾಂಟಿನ ಅಂಚು ನೋಡಿ ಅತ್ತವರು ನೀವೊಬ್ಬರೇ. ಆ ಅಂಚು ನನ್ನ ಕಣ್ಣಿಗೆ ಕಟ್ಟಿದ ಹಾಗಿದೆ ಕಣಮ್ಮ. ಒಳಗೆ ಮಡಿಸಿಟ್ಟಿದ್ದ ಬಟ್ಟೆ ಹೊಸದರ ಹಾಗೇ ಕಡುಬಣ್ಣ, ಮೇಲಿನದು ಒಗೆದು ಒಗೆದು ಮಾಸಿದೆ, ನಡುವೆ ಸವೆದ ಬಿಳಿ ಗೆರೆ. ಹುಡುಗ ಎಷ್ಟು ಬೆಳೆದ ಅಂತ ಬೆರಳಿಟ್ಟು ಅಳೆಯಬಹುದು. ಇಂಥದ್ದು ಕೈಯಲ್ಲೇ ಇರುವಾಗ ಫಾರ್ವರ್ಡ್ ಸಾಲು ಯಾಕೆ ಹೇಳಿ?

ನಮ್ಮಮ್ಮನಿಗೆ ಪುಸ್ತಕ ಇರಲಿಲ್ಲ. ಗೋಡೆಯ ಮೇಲೆ ದೊಡ್ಡ ಅಂಕಿಯ ಬೆಂಗಳೂರು ಪ್ರೆಸ್ ಕ್ಯಾಲೆಂಡರ್ ಇತ್ತು. ಹಾಲು ಬಾರದ ದಿನಕ್ಕೆ ಒಂದು ಗೀಟು, ಸೀಮೆಎಣ್ಣೆ ತಂದ ದಿನಕ್ಕೆ 'ಸೀ'. ಇವುಗಳ ಸಂದಿಯಲ್ಲಿ ಪೆನ್ಸಿಲಿನಲ್ಲಿ ನಾವು. ಅಮ್ಮ ಹೋದ ಮೇಲೆ ಅಟ್ಟ ಖಾಲಿ ಮಾಡುವಾಗ ಟ್ರಂಕಿಗೆ ಹಾಸಿದ್ದ 1966ರ ಆಗಸ್ಟ್ ಹಾಳೆ ಸಿಕ್ಕಿತು. ಒಂದು ಚೌಕದಲ್ಲಿ 'ಹಾಲು ಇಲ್ಲ. ಚಿಕ್ಕವನು ಬಾಳೆಹಣ್ಣು ಅಂದ.' ಅಷ್ಟೇ. ಇದರಲ್ಲಿ ಬರೆದಿಡುವಂಥದ್ದು ಏನಿದೆ ಅಂತ ಅಕ್ಕನನ್ನು ಕೇಳಿದೆ. ಅಲ್ಲಿಯವರೆಗೆ ನಾನು 'ಬಾಲೆಹಣ್ಣು' ಅನ್ನುತ್ತಿದ್ದೆನಂತೆ. ನಾಲಿಗೆಗೆ 'ಳ' ಬಂದ ದಿನ ಅದು. ಅಮ್ಮ ಸಂತೋಷಕ್ಕೆ ಬರೆದಳೋ, ಬಾಲೆಹಣ್ಣು ಹೋಯಿತಲ್ಲ ಅನ್ನುವ ಬೇಜಾರಿಗೆ ಬರೆದಳೋ, ಕೇಳೋಣ ಅಂದರೆ ಅವಳಿಲ್ಲ.

ನನಗಂತೂ ಆ ದಿನ ನೆನಪಿಲ್ಲ. ಇದು ನನ್ನೊಬ್ಬನ ಕತೆಯೂ ಅಲ್ಲ. ಮೊದಲ ಎರಡು ಮೂರು ವರ್ಷದ ನೆನಪು ದೊಡ್ಡವರಾದ ಮೇಲೆ ನಮ್ಮಲ್ಲಿ ಉಳಿಯುವುದೇ ಇಲ್ಲ. ಮನೋವಿಜ್ಞಾನಿ ಫ್ರಾಯ್ಡ್ ನೂರು ವರ್ಷಕ್ಕೂ ಹಿಂದೆಯೇ ಈ ಮರೆವಿನ ಬಗ್ಗೆ ಬರೆದಿದ್ದ. ಜನರನ್ನು ಕೇಳಿದರೆ ಹೆಚ್ಚಿನವರ ಅತಿ ಹಳೆಯ ನೆನಪು ಮೂರು, ಮೂರೂವರೆ ವರ್ಷದ ಆಸುಪಾಸಿನದು. ಅಂದರೆ ನಿಮ್ಮ ಮಗಳ ಮೊದಲ ಮೂರು ವರ್ಷ ಅವಳ ಹತ್ತಿರ ಇಲ್ಲ, ನಿಮ್ಮ ಹತ್ತಿರ ಇದೆ. ತಾಯಿ ಕಾರ್ಡಿನಲ್ಲಿ ಚುಚ್ಚುಮದ್ದಿನ ತಾರೀಖು ಸಿಗುತ್ತದೆ, ತೂಕ ಸಿಗುತ್ತದೆ. ಮೊದಲ ಹಾಲುಹಲ್ಲು ಬಿದ್ದಾಗ ಅದನ್ನು ಸಗಣಿಯಲ್ಲಿ ಇಟ್ಟು ಎಸೆಯೋಕೆ ಹಂಚಿನ ಮನೆ ಹುಡುಕಿಕೊಂಡು ಹೋದದ್ದು ಯಾವ ಕಾರ್ಡಿನಲ್ಲಿದೆ?

ಯಜಮಾನರ ಪಕ್ಷವನ್ನೂ ಹೇಳಬೇಕು, ಇಲ್ಲದಿದ್ದರೆ ಅವರು ಚಂದಾ ನಿಲ್ಲಿಸಿಯಾರು. ಮಗಳು ನಗುವ ಸದ್ದನ್ನು ಬರೆದಿಡಲು ಆಗುವುದಿಲ್ಲ. ಅದಕ್ಕೆ ಮೊಬೈಲೇ ಬೇಕು. ಒಪ್ಪಿದೆ. ಅವರ ಪಕ್ಷ ಇಲ್ಲಿಗೆ ಮುಗಿಯಿತು.

ಈಗ ನನ್ನದು. ಅಮೆರಿಕದಲ್ಲಿ ಲಿಂಡಾ ಹೆಂಕೆಲ್ ಅನ್ನುವ ಮನಶ್ಶಾಸ್ತ್ರಜ್ಞೆ ಒಂದು ಪ್ರಯೋಗ ಮಾಡಿದರು, 2014ರಲ್ಲಿ ಪ್ರಕಟವಾಯಿತು. ವಿದ್ಯಾರ್ಥಿಗಳನ್ನು ಕಲಾ ಸಂಗ್ರಹಾಲಯಕ್ಕೆ ಕರೆದುಕೊಂಡು ಹೋಗಿ ಕೆಲವು ವಸ್ತುಗಳನ್ನು ಬರೀ ನೋಡಿ, ಕೆಲವನ್ನು ಫೋಟೋ ತೆಗೆಯಿರಿ ಅಂದರು. ಮಾರನೇ ದಿನ ಕೇಳಿದರೆ, ಫೋಟೋ ತೆಗೆದ ವಸ್ತುಗಳೇ ಕಡಿಮೆ ನೆನಪಿನಲ್ಲಿದ್ದವು. ಕ್ಯಾಮೆರಾ ನೋಡಿಕೊಳ್ಳುತ್ತೆ ಬಿಡು ಅಂತ ತಲೆ ಸುಮ್ನೆ ಕೂತುಬಿಡುತ್ತದೆ. ಆದರೆ ಇನ್ನೊಂದು ವಿಷಯ ಇದೆ. ವಸ್ತುವಿನ ಒಂದೇ ಒಂದು ಭಾಗವನ್ನು ಹತ್ತಿರಕ್ಕೆ ಎಳೆದು ಫೋಟೋ ತೆಗೆದಾಗ ನೆನಪು ಹೀಗೆ ಕುಸಿಯಲಿಲ್ಲ. ಪ್ಯಾಂಟನ್ನು ಬಿಟ್ಟು ಪ್ಯಾಂಟಿನ ಅಂಚು ನೋಡಿದಿರಲ್ಲ, ಹಾಗೆ.

ಆ ಹನ್ನೊಂದು ಸಾವಿರದಲ್ಲಿ ಹುಟ್ಟುಹಬ್ಬದ ಕೇಕು ಎಷ್ಟು, ಛದ್ಮವೇಷ ಸ್ಪರ್ಧೆ ಎಷ್ಟು ಅಂತ ಒಂದು ಸಲ ಎಣಿಸಲಿ. ಮಂಗಳವಾರ ಬೆಳಗ್ಗೆ ಶಾಲೆ ಬಸ್ಸು ಹಾರನ್ ಹೊಡೆಯುವಾಗ ಒಂದು ಸಾಕ್ಸ್ ಕಾಣದೆ ಮನೆಯೆಲ್ಲ ಹುಡುಕಿದ ಫೋಟೋ ಒಂದಾದರೂ ಇದೆಯಾ, ಕೇಳಿ. ನಮ್ಮ ಪತ್ರಿಕೆಗೂ ಬಹುಮಾನ ಹಿಡಿದು ನಿಂತ ಮಕ್ಕಳ ಫೋಟೋ ವಾರಕ್ಕೆ ಒಂದು ಕಟ್ಟು ಬರುತ್ತದೆ. ಎಲ್ಲ ಮಕ್ಕಳೂ ಒಂದೇ ಥರ ಕಾಣಿಸುತ್ತಾರೆ, ಏನು ಮಾಡಲಿ?

ನಿಮ್ಮ ಅತ್ತೆಯವರಿಗೆ ನನ್ನ ನಮಸ್ಕಾರ ಹೇಳಿ. ಅವರ ಮಾತನ್ನು ತಳ್ಳಿಹಾಕಬೇಡಿ. ಆದರೆ ದೃಷ್ಟಿ ಬೀಳುವುದು ಸ್ಟೇಟಸ್‌ಗೆ, ಮುನ್ನೂರು ಜನ ನೋಡುತ್ತಾರೆ. ಹಾಲಿನ ಪುಸ್ತಕವನ್ನು ಹಾಲಿನವನೂ ನೋಡಲ್ಲ.

ಬರೆಯೋಕೆ ಕೂತರೆ ಒಲೆ ಮೇಲಿನ ಸಾರು ಉಕ್ಕುತ್ತೆ, ಇದೆಲ್ಲ ಬಿಡುವಿದ್ದವರ ಶೋಕಿ ಅನ್ನುವವರೂ ಇದ್ದಾರೆ. ಅವರಿಗೆ ಗರತಿಯ ಹಾಡು ತೋರಿಸಿ. ಈಗಿನ ವಿಜಯಪುರ ಜಿಲ್ಲೆಯ ಹಲಸಂಗಿಯ ಗೆಳೆಯರು ಊರೂರ ಹೆಂಗಸರ ಬಾಯಿಂದ ತ್ರಿಪದಿ ಬರೆದುಕೊಂಡು 1931ರಲ್ಲಿ ಅಚ್ಚು ಹಾಕಿಸಿದರು. ಆ ಪದಗಳಲ್ಲಿ ಮಗುವಿನ ಅಂಗಾಲು ಇದೆ, ಅಳು ಇದೆ, ಒಳಗೂ ಹೊರಗೂ ಓಡಾಡಿ ಮನೆಗೆ ಗಾಳಿ ತರುವ ಕೂಸು ಇದೆ. ಹಾಡಿದವರಲ್ಲಿ ಎಷ್ಟೋ ಜನಕ್ಕೆ ಓದು ಬರಹ ಇರಲಿಲ್ಲ. ಬಿಡುವಂತೂ ಇರಲೇ ಇಲ್ಲ. ಬೀಸುಕಲ್ಲಿನ ಗೂಟ ಕೈಯಲ್ಲಿ, ಕಣ್ಣು ಕೂಸಿನ ಮೇಲೆ. ಕನ್ನಡದಲ್ಲಿ ಮಕ್ಕಳ ಬಗ್ಗೆ ಇಷ್ಟು ಚೆನ್ನಾಗಿ ಯಾರು ಬರೆದಿದ್ದಾರೆ? ನಾವು ಪೆನ್ನು ಹಿಡಿದ ಗಂಡಸರಂತೂ ಅಲ್ಲ.

ನನ್ನದೇ ಹೇಳುತ್ತೇನೆ. ನನ್ನ ಮಗಳು ನಾಲ್ಕು ವರ್ಷದವಳಿದ್ದಾಗ ಹೇಗಿದ್ದಳು ಅಂತ ಯಾರಾದರೂ ಕೇಳಿದರೆ ನಾನು ಹೆಂಡತಿಯ ಮುಖ ನೋಡುತ್ತೇನೆ. ಆಗ ನಾನು ರಾತ್ರಿ ಹನ್ನೊಂದಕ್ಕೆ ಪುಟ ಕಟ್ಟಿ, ಅಚ್ಚಿಗೆ ಕಳಿಸಿ ಮನೆಗೆ ಬರುತ್ತಿದ್ದೆ. ನಾನು ಕಂಡದ್ದು ಮಲಗಿದ ಮಗುವನ್ನೇ. 'ಸಕ್ಕರೆ ಡಬ್ಬಿಯಲ್ಲಿ ಇರುವೆಗೆ ಮನೆ ಮಾಡಿಕೊಟ್ಟಿದ್ದಳಲ್ಲ' ಅಂತ ಇವಳು ಹೇಳುವಾಗ ನಾನೂ ಕಂಡವನ ಹಾಗೆ ನಗುತ್ತೇನೆ. ಮಗಳಿಗೆ ಗೊತ್ತಾಗುತ್ತದೆ ಅಂತ ಅನುಮಾನ.

ನನಗೆ ಸಿಟ್ಟು ಬರುವ ವಿಷಯಕ್ಕೆ ಈಗ ಬಂದೆ. ನಿಮ್ಮ ಮಗ ಒಂಬತ್ತನೇ ಕ್ಲಾಸು ಅಂದಿರಿ. ಮುಂದಿನ ವರ್ಷ ಎಸ್ಸೆಸ್ಸೆಲ್ಸಿ. ಆಮೇಲೆ? 'ಪಿಯುಗೆ ಎಲ್ಲಿಗೆ ಹಾಕ್ತೀರಿ' ಅಂತ ನೆಂಟರು ಈಗಾಗಲೇ ಶುರು ಮಾಡಿರುತ್ತಾರೆ. ಸಿಇಟಿ, ನೀಟ್ ಅಂತ ಹದಿನಾರು ತುಂಬುವ ಹೊತ್ತಿಗೆ ಟ್ರಂಕು, ಹಾಸಿಗೆ ಕಟ್ಟಿ ಹಾಸ್ಟೆಲ್ಲಿಗೆ. ಭಾನುವಾರ ಹತ್ತು ನಿಮಿಷ ಫೋನು. ನಮ್ಮ ಪಕ್ಕದ ಮನೆಯ ಹುಡುಗ ಹಾಗೇ ಹೋದ. ಎರಡು ವರ್ಷ ಆದ ಮೇಲೆ ಎತ್ತರವಾಗಿ, ಗಂಟಲು ಒಡೆದು ಬಂದ. ಅವನ ಅಮ್ಮ ಫೋನಿನಲ್ಲಿ ಬೇರೆ ಯಾರೋ ಅಂದುಕೊಂಡು 'ಯಾರು ಬೇಕಿತ್ತು' ಅಂದಿದ್ದರಂತೆ. ಇದನ್ನು ನಗುತ್ತಾ ಹೇಳಿದರು, ಹೇಳಿ ಒಳಗೆ ಹೋದರು. ಮನೆಯಲ್ಲಿ ಇರುವ ವರ್ಷಗಳಲ್ಲಾದರೂ ಮಕ್ಕಳು ನಮಗೆ ಸಿಗುತ್ತಾರಾ? ಸಂಜೆ ಐದೂವರೆಗೆ ಟ್ಯೂಷನ್, ಏಳಕ್ಕೆ ಅಬ್ಯಾಕಸ್, ಎಂಟಕ್ಕೆ ಶಾಲೆಯ ಗ್ರೂಪಿನಲ್ಲಿ 'ನಾಳೆ ಥರ್ಮಾಕೋಲ್ ತರಬೇಕು' ಅಂತ ಮೆಸೇಜು.

ಇಷ್ಟೂ ಸಿಗದವರೂ ಇದ್ದಾರೆ, ಅವರನ್ನು ಮರೆತು ಬರೆದರೆ ತಪ್ಪಾಗುತ್ತದೆ. 2017ರಲ್ಲಿ ಕಾನೂನು ತಿದ್ದಿ ಹೆರಿಗೆ ರಜೆಯನ್ನು 12 ವಾರದಿಂದ 26 ವಾರಕ್ಕೆ ಏರಿಸಿದರು. 50 ಅಥವಾ ಹೆಚ್ಚು ಜನ ಕೆಲಸ ಮಾಡುವ ಕಡೆ ಶಿಶುಪಾಲನಾ ಕೇಂದ್ರ ಇರಬೇಕು ಅಂದರು. ಒಳ್ಳೆಯದು. ಆದರೆ ಮನೆಗೆಲಸಕ್ಕೆ ಹೋಗುವವಳಿಗೆ ರಜೆ ಕೊಡುವವರು ಯಾರು? ಕಟ್ಟಡದ ಕೆಲಸದಲ್ಲಿ ಮರಳಿನ ಗುಡ್ಡೆ ಪಕ್ಕ ಸೀರೆಯ ಜೋಲಿ ಕಟ್ಟಿ, ಇಟ್ಟಿಗೆ ಹೊರುತ್ತಾ ಸಾಗುವಾಗಲೆಲ್ಲ ಒಂದು ಸಲ ತೂಗಿ ಹೋಗುವವಳನ್ನು ನೀವೂ ನೋಡಿರುತ್ತೀರಿ. ಅವಳ ನೋಟ್ ಪುಸ್ತಕ ಯಾವುದು ಅಂತ ನನಗೆ ಹೊಳೆಯುತ್ತಿಲ್ಲ.

ಎಲ್ಲಿಗೋ ಹೋದೆ. ವಾಪಸ್ ನಿಮ್ಮ ಜೆರಾಕ್ಸಿಗೆ. ಎರಡನೇ ಪುಟದಲ್ಲಿ ಹೀಗಿದೆ: 'ಹಿತಕಿದ ಬೇಳೆ ಮಾಡೋಕೆ ಅವರೆಕಾಳು ಹಿಸುಕುತ್ತಾ ಕೂತಿದ್ವಿ. ಪುಟ್ಟಿ ಹಿಸುಕಿದ ಕಾಳು ಹಾರಿ ಅವರ ಪೇಪರಿಗೆ ಬಡಿಯಿತು. ಅಪ್ಪ ನೋಡಲಿಲ್ಲ. ಮತ್ತೆ ಬೇಕೂಂತಲೇ ಹೊಡೆದಳು. ಆಗಲೂ ನೋಡಲಿಲ್ಲ. ಅಮ್ಮ, ಅಪ್ಪ ಒಳಗೆ ಇಲ್ಲ, ಪೇಪರ್ ಒಂದೇ ಕೂತಿದೆ ಅಂದಳು.' ಇದನ್ನು ನಮ್ಮ ಕಚೇರಿಯಲ್ಲಿ ಓದಿ ಎಲ್ಲರೂ ನಕ್ಕೆವು. ನಾನು ಸ್ವಲ್ಪ ಕಡಿಮೆ ನಕ್ಕೆ. ಯಜಮಾನರಿಗೆ ಈ ಪುಟ ಓದಿ ಹೇಳಿ. ಅವರ ಮೊಬೈಲಿನಲ್ಲಿ ಇದು ಖಂಡಿತ ಇಲ್ಲ, ಪಾಪ ಅವರು ಪೇಪರ್ ಹಿಂದೆ ಇದ್ದರು.

ಒಂದೇ ಒಂದು ತಕರಾರು. ಅವರೆಕಾಳು ಅಂದಮೇಲೆ ಡಿಸೆಂಬರ್ ಅಥವಾ ಜನವರಿ ಅಂತ ಊಹೆ ಮಾಡಬಹುದು, ಆದರೆ ಯಾವ ವರ್ಷದ್ದು? ಪುಟ್ಟಿಗೆ ಆಗ ನಾಲ್ಕೋ, ಆರೋ? ಪುಟದ ಈ ಬದಿಯಲ್ಲಿ ಹಾಲಿನ ಲೆಕ್ಕಕ್ಕೆ ದಿನದಿನವೂ ತಾರೀಖು ಹಾಕಿದ್ದೀರಿ, ಆ ಬದಿಯಲ್ಲಿ ಮಗಳಿಗೆ ಒಂದೂ ಇಲ್ಲ. ಅಮ್ಮ ಕ್ಯಾಲೆಂಡರಿನಲ್ಲಿ ಬರೆದಿದ್ದಕ್ಕೆ ತಾನೇ ನನ್ನ 'ಳ' ಯಾವತ್ತಿನದು ಅಂತ ನನಗೆ ಗೊತ್ತಾದದ್ದು. ಇನ್ನು ಮೇಲಾದರೂ ತಾರೀಖು ಹಾಕಿ. ಅಂದ ಹಾಗೆ, ನಿಮ್ಮ ಪತ್ರಕ್ಕೂ ಹಾಕಿಲ್ಲ. ಲಕೋಟೆಯ ಮೇಲಿನ ಅಂಚೆ ಮುದ್ರೆ ನೋಡಿ ನಾನೇ ಬರೆದುಕೊಂಡೆ.