ಯಾರೂ ಏನೂ ಅನ್ನಲ್ಲ, ಆದ್ರೂ ಯಾಕಿಷ್ಟು ಸುಸ್ತು?

ಪ್ರಶ್ನೆ: ನಾನು ಟ್ರಾನ್ಸ್ ಮಹಿಳೆ. ಈ ಆಫೀಸಿಗೆ ಸೇರಿ ವರ್ಷವಾಗುತ್ತಾ ಬಂತು. ಯಾರೂ ಬೈಯುವುದಿಲ್ಲ. ಆದರೆ ಇಮೇಲ್‌ನಲ್ಲಿ, ಐಡಿ ಕಾರ್ಡಿನಲ್ಲಿ ಇನ್ನೂ ಹಳೆಯ ಹೆಸರೇ ಇದೆ. ಮೀಟಿಂಗ್‌ನಲ್ಲಿ ಒಬ್ಬರು ಆಗಾಗ ನನ್ನನ್ನು ‘ಅವನು’ ಅಂದುಬಿಡುತ್ತಾರೆ. ಟಾಯ್ಲೆಟ್‌ಗೆ ಹೋಗಲು ಮುಜುಗರವೆಂದು ಸಂಜೆವರೆಗೂ ನೀರೇ ಕುಡಿಯುವುದಿಲ್ಲ. ಮನೆಗೆ ಬಂದರೆ ಮಾತಾಡಲೂ ತ್ರಾಣ ಇರಲ್ಲ. ನಾನೇ ಜಾಸ್ತಿ ತಲೆಗೆ ಹಚ್ಚಿಕೊಳ್ಳುತ್ತಿದ್ದೇನಾ?

ಉತ್ತರ: ಖಂಡಿತ ಇಲ್ಲ. ಮೊದಲು ನೀರಿನ ವಿಷಯ ಮಾತಾಡೋಣ, ಅದನ್ನು ಮುಂದೂಡುವ ಹಾಗಿಲ್ಲ. ನೀರು ಕುಡಿಯದೆ, ಮೂತ್ರ ತಡೆದುಕೊಂಡು ದಿನವಿಡೀ ಕೂತರೆ ಸೋಂಕು ಬರುವ ಸಾಧ್ಯತೆ ಹೆಚ್ಚು. ತಲೆನೋವು, ಸುಸ್ತು ಬೇರೆ. ಅಮೆರಿಕದಲ್ಲಿ 2015ರಲ್ಲಿ 27 ಸಾವಿರಕ್ಕೂ ಹೆಚ್ಚು ಟ್ರಾನ್ಸ್ ಜನರ ಸಮೀಕ್ಷೆ ನಡೆಯಿತು. ಅವರಲ್ಲಿ ಮೂರರಲ್ಲೊಬ್ಬರಷ್ಟು ಜನ ಟಾಯ್ಲೆಟ್ ತಪ್ಪಿಸಲೆಂದೇ ಊಟ, ನೀರು ಕಡಿಮೆ ಮಾಡಿದ್ದರು. ಉರಿಮೂತ್ರ, ಜ್ವರ ಏನಾದರೂ ಇದ್ದರೆ ಡಾಕ್ಟರಿಗೆ ತೋರಿಸಿ. ಯಾವ ಟಾಯ್ಲೆಟ್ ಬಳಸಬೇಕೆಂದು ನೀವು ಊಹಿಸುತ್ತಾ ಕೂರಬೇಡಿ. ಎಚ್‌ಆರ್ ಅದನ್ನು ಬರವಣಿಗೆಯಲ್ಲಿ ಹೇಳಲಿ.

ಇನ್ನು ಉಳಿದ ಸುಸ್ತು. ಮನಶ್ಶಾಸ್ತ್ರದಲ್ಲಿ ಇದನ್ನು ಅಲ್ಪಸಂಖ್ಯಾತರ ಒತ್ತಡ (ಮೈನಾರಿಟಿ ಸ್ಟ್ರೆಸ್) ಅನ್ನುತ್ತಾರೆ, ಅಂದರೆ ಸಮಾಜ ಬೇರೆಯಾಗಿ ನೋಡುವ ಸಣ್ಣ ಗುಂಪಿನವರು ಹೊರುವ ಹೆಚ್ಚುವರಿ ಒತ್ತಡ. ಯಾರಾದರೂ ಅವಮಾನ ಮಾಡಿದಾಗ ಮಾತ್ರವೇ ಮನಸ್ಸು ದಣಿಯುತ್ತದೆ ಅಂತೇನಿಲ್ಲ. ಈಗ ಮಾಡಬಹುದು, ಆಗ ಮಾಡಬಹುದು ಅಂತ ಕಾಯುವಾಗಲೂ ದಣಿಯುತ್ತದೆ. ಮೀಟಿಂಗ್‌ನಲ್ಲಿ ನಿಮ್ಮ ಅರ್ಧ ಗಮನ ಕೆಲಸದ ಮೇಲಿದ್ದರೆ, ಇನ್ನರ್ಧ ಆ ಒಬ್ಬರ ಬಾಯಿ ಮೇಲೆ. ಎರಡು ಕೆಲಸ, ಒಂದೇ ಸಂಬಳ. ಸುಸ್ತಾಗದೆ ಇರುತ್ತಾ?

ಹೆಸರಿನ ಕೆಲಸ ಸುಲಭ, ಅಲ್ಲಿಂದ ಶುರುಮಾಡಿ. ಹಳೆಯ ಹೆಸರು ಎಲ್ಲೆಲ್ಲಿದೆ ಅಂತ ಬರೆದು ಎಚ್‌ಆರ್‌ಗೆ ಒಂದೇ ಇಮೇಲ್ ಕಳಿಸಿ. ಸಂಬಳ, ತೆರಿಗೆಯ ದಾಖಲೆಗಳಿಗೆ ಕಾನೂನಿನ ಪ್ರಕಾರ ಇರುವ ಹೆಸರೇ ಬೇಕಾಗುತ್ತದೆ, ಅದು ಬದಲಾಗಲು ಸಮಯ ಹಿಡಿಯುತ್ತದೆ. ಮೀಟಿಂಗ್ ಪರದೆಯಲ್ಲಿ ಕಾಣುವ ಹೆಸರಿಗೆ ಅಷ್ಟೆಲ್ಲ ಕಾಯಿಸುವುದು ಬರೀ ಸೋಮಾರಿತನ. ಇದು ಸಣ್ಣ ವಿಷಯ ಅನ್ನುವವರಿಗೆ ಒಂದು ಮಾತು: ಟ್ರಾನ್ಸ್ ಯುವಜನರ ಬಗ್ಗೆ 2018ರಲ್ಲಿ ಒಂದು ಅಧ್ಯಯನ ಪ್ರಕಟವಾಯಿತು. ಮನೆ, ಶಾಲೆ, ಕೆಲಸ, ಗೆಳೆಯರ ನಡುವೆ ಹೆಚ್ಚು ಕಡೆ ತಾವು ಆರಿಸಿಕೊಂಡ ಹೆಸರಿನಿಂದಲೇ ಕರೆಸಿಕೊಂಡವರಲ್ಲಿ ಖಿನ್ನತೆಯ ಲಕ್ಷಣ ಕಡಿಮೆ ಇತ್ತು.

ಆ ಸಹೋದ್ಯೋಗಿಯದು ಬಾಯಿತಪ್ಪೋ ಬೇಕಂತಲೋ? ಬಾಯಿತಪ್ಪಿದವರು ‘ಸಾರಿ’ ಅಂದು, ಸರಿಯಾಗಿ ಹೇಳಿ ಮುಂದೆ ಹೋಗುತ್ತಾರೆ. ಹೇಳಿದ ಮೇಲೂ ಅದೇ ನಡೆದರೆ ಅದು ಕಿರುಕುಳ. ದಿನಾಂಕ, ಆಡಿದ ಮಾತು, ಜೊತೆಗಿದ್ದವರ ಹೆಸರು ಗುರುತು ಹಾಕಿಟ್ಟು ಮ್ಯಾನೇಜರ್‌ಗೆ ತಿಳಿಸಿ. ಪ್ರತಿ ಸಲ ನೀವೇ ತಿದ್ದಬೇಕೆಂದೇನಿಲ್ಲ. ನಂಬಿಕೆಯ ಒಬ್ಬರಿಗೆ ‘ನೀವು ತಿದ್ದಿ’ ಅಂತ ಹೇಳಿಡಿ. ಬೇರೆಯವರು ತಿದ್ದಿದರೆ ಮಾತು ಅಲ್ಲಿಗೇ ಮುಗಿಯುತ್ತದೆ, ನೀವು ತಿದ್ದಿದರೆ ಕೆಲವೊಮ್ಮೆ ಚರ್ಚೆಯೇ ಶುರುವಾಗುತ್ತದೆ.

ನಿದ್ದೆ, ಹಸಿವು ಎರಡು ವಾರವಾದರೂ ಸರಿಹೋಗದಿದ್ದರೆ ಆಪ್ತಸಮಾಲೋಚಕರನ್ನು ಕಾಣಿ. ವಿಶ್ವ ಆರೋಗ್ಯ ಸಂಸ್ಥೆ 2019ರಲ್ಲಿ ಒಪ್ಪಿದ ರೋಗಪಟ್ಟಿಯಲ್ಲಿ ಟ್ರಾನ್ಸ್ ಆಗಿರುವುದನ್ನು ಮಾನಸಿಕ ಕಾಯಿಲೆಗಳ ಸಾಲಿನಿಂದ ತೆಗೆದಿದೆ. ನಿಮ್ಮ ಸುಸ್ತನ್ನು ಬಿಟ್ಟು ನಿಮ್ಮನ್ನೇ ‘ಸರಿ’ ಮಾಡಲು ಹೊರಟವರು ಸಿಕ್ಕರೆ, ಸುಮ್ನೆ ಎದ್ದು ಬೇರೆಯವರನ್ನು ಹುಡುಕಿ.